ಎಡೆಗಿಟ್ಟ ಗಿಟಾರು

ಚೀಲವನ್ನು ಎಷ್ಟು ಮಡಿಸಿದರೂ ಅದು ಗಿಟಾರಿನ ಚೀಲವೆಂದು ಗೊತ್ತಾಗಿಬಿಡುತ್ತಿತ್ತು. ಕತ್ತಿನ ಭಾಗ ಉದ್ದಕ್ಕೆ ಹೊರಗೆ ಚಾಚುತ್ತಿತ್ತು. ಅಂಜನ್ ಅದನ್ನು ಒಳಕ್ಕೆ ತುರುಕಿ, ತೊಡೆಯ ಮೇಲಿಟ್ಟುಕೊಂಡು, ಮೇಲೆ ಪೇಪರ್ ಹಾಸಿದ. ಬಸ್ಸು ತಳಕು ದಾಟುವಷ್ಟರಲ್ಲಿ ಪೇಪರ್ ಜಾರಿತ್ತು.

“ಏನ್ ಸಾರ್ ಅದು?” ಪಕ್ಕದ ಸೀಟಿನವನು ಕೇಳಿದ.

“ಚೀಲ.”

“ಖಾಲಿ ಐತಲ್ಲ.”

“ಹೌದು.”

ಆತ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಅಂಜನ್ ಸುಳ್ಳು ಹೇಳುತ್ತಿದ್ದ. ಗೆಳೆಯ ಸತ್ತಿದ್ದಾನೆ, ಇವತ್ತು ಹಾಲು ತುಪ್ಪ, ಗುಂಡಿಯ ಮೇಲೆ ಹಾಲು ಬಿಟ್ಟು ಕಾಗೆ ಎಡೆ ಮುಟ್ಟುವುದನ್ನು ನೋಡಿಕೊಂಡು ಬರಬೇಕು ಎನ್ನುವುದೆಲ್ಲ ನಿಜವೇ. ಆದರೆ ಅದಕ್ಕೆ ಖಾಲಿ ಚೀಲ ಬೇಕಿರಲಿಲ್ಲ. ಅವನ ಗಿಟಾರು ಸತ್ತವನ ಮನೆಯಲ್ಲಿತ್ತು. ಅದನ್ನು ತರುವುದಕ್ಕೇ ಅವನು ಹೊರಟಿದ್ದ.

ಬೆಳಿಗ್ಗೆ ಅಟ್ಟದಿಂದ ಚೀಲ ಇಳಿಸುವಾಗ ಹೆಂಡತಿ ಆಶಾ ಬಾಗಿಲಲ್ಲಿ ನಿಂತಿದ್ದಳು.

“ಗಿಟಾರ್ ಕೇಳಾಕ್ ಹೋಗ್ತಿದ್ದೀರಾ?”

“ನೋಡೋಣ.”

“ಮಣ್ಣಿಗೂ ಹೋಗ್ಲಿಲ್ಲ ನೀವು.”

“ಪರೀಕ್ಷೆ ಡ್ಯೂಟಿ ಇತ್ತು.”

“ಇವತ್ತೇ ಕೇಳ್ಬೇಕಾ?”

“ಇವತ್ತು ಬಿಟ್ರೆ ಯಾರಾದ್ರೂ ಹೊತ್ಕೊಂಡ್ ಹೋಗ್ತಾರೆ.”

ಆಶಾ ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಚಪ್ಪಲಿ ಮೆಟ್ಟುವಾಗಲೂ ಒಳಗಿನಿಂದ ಮಿಕ್ಸಿಯ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ.

ಅಂಜನ್ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವನಿಗೆ ಇನ್ನೊಂದು ಕಸುಬಿತ್ತು, ಅದು ಊರಲ್ಲಿ ಯಾರಿಗೂ ತಿಳಿಯದು. ಫೋನಿನಲ್ಲಿ, ಬೇರೆ ಹೆಸರು ಇಟ್ಟುಕೊಂಡು, ಅರ್ಧ ಶತಮಾನದ ಹಿಂದಿನ ಇಂಗ್ಲಿಷ್ ರಾಕ್ ಬ್ಯಾಂಡುಗಳ ಬೇಸ್ ಗಿಟಾರು ವಾದಕರ ಮಾನ ಕಾಯುತ್ತಿದ್ದ. ಹಾಡುಗಾರ ಕೂದಲು ಕೊಡವಿ ಪೋಸ್ಟರ್ ಹತ್ತಿದ, ಲೀಡ್ ಗಿಟಾರಿನವನು ದೇವರಾದ, ಅವರ ಹಿಂದೆ ಕತ್ತಲಲ್ಲಿ ನಿಂತು ನಾಲ್ಕು ದಪ್ಪ ತಂತಿಗಳ ಮೇಲೆ ಇಡೀ ಹಾಡನ್ನು ಹೊತ್ತವನನ್ನು ಜಗತ್ತು ಮರೆತುಬಿಟ್ಟಿತು ಎನ್ನುವುದು ಅವನ ಒಟ್ಟು ವಾದ. ಬೇಸ್ ಎಂದರೆ ಇದ್ದಾಗ ಯಾರ ಕಿವಿಗೂ ಬೀಳದ, ತೆಗೆದರೆ ಮಾತ್ರ ಏನೋ ಹೋಯಿತೆಂದು ಎಲ್ಲರಿಗೂ ಗೊತ್ತಾಗುವ ದನಿ ಎಂದು ಅವನು ಎಷ್ಟೋ ಸಲ ಬರೆದಿದ್ದ. ಹಾಗೆ ಬರೆದಾಗಲೆಲ್ಲ ಅವನ ಕಣ್ಣು ಒದ್ದೆಯಾಗುತ್ತಿತ್ತು.

ಫೋನ್ ಮಿಡುಕಿತು. ಪೋರ್ಚುಗಲ್ಲಿನವನೊಬ್ಬ ತಿಂಗಳಿಂದ ಅವನ ಬೆನ್ನು ಹತ್ತಿದ್ದ. ‘ನೀನು ತಲೆಯ ಮೇಲೆ ಹೊತ್ತುಕೊಂಡ ಆ ಬೇಸ್‌ನವನು ಹಾಡುಗಾರ ಹೇಳಿಕೊಟ್ಟದ್ದನ್ನು ನುಡಿಸಿದ, ಅಷ್ಟೇ. ಅವನದೇ ರಚನೆ ಆಗಿದ್ದರೆ ಬದುಕಿದ್ದಾಗ ಯಾಕೆ ಬಾಯಿ ಬಿಡಲಿಲ್ಲ?’ ಎಂದು ಬರೆದಿದ್ದ.

ಅಂಜನ್‌ಗೆ ಮೈ ಉರಿಯಿತು. ಬಾಯಿ ಬಿಡದವರ ಸ್ವಾಭಿಮಾನ ನಿನ್ನಂಥವನಿಗೆ ಎಲ್ಲಿ ಅರ್ಥವಾಗಬೇಕು ಎಂದು ಶುರುಮಾಡಿ ಬಿ.ಜಿ.ಕೆರೆಯವರೆಗೂ ಟೈಪ್ ಮಾಡಿದ. ಕಳಿಸುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಕಿಟಕಿಯಾಚೆ ಒಣಗಿದ ಶೇಂಗಾ ಹೊಲಗಳಲ್ಲಿ ಕುರಿ ಬಿಟ್ಟಿದ್ದರು.

ಸತ್ತವನು ಹೊನ್ನೂರಸ್ವಾಮಿ. ಕಾಲೇಜು ಓದುವಾಗ ನಾಲ್ವರು ಸೇರಿ ‘ನೆತ್ತಿ ಬಿಸಿಲು’ ಎಂಬ ರಾಕ್ ಬ್ಯಾಂಡ್ ಕಟ್ಟಿದ್ದರು. ಸ್ವಾಮಿ ಹಾಡುತ್ತಿದ್ದ, ಲೀಡ್ ಗಿಟಾರು ನುಡಿಸುತ್ತಿದ್ದ. ಅಂಜನ್‌ದು ಬೇಸ್. ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಕೇಳುವ ಜನಕ್ಕೆ ಅವರ ಕೂಗಾಟ ಬೇಕಿರಲಿಲ್ಲ, ಬ್ಯಾಂಡ್ ಎರಡು ವರ್ಷವೂ ಬಾಳಲಿಲ್ಲ. ಉಳಿದದ್ದು ಒಂದು ರೆಕಾರ್ಡಿಂಗು, ಅದರಲ್ಲಿ ‘ಬೇಲಿ’ ಎಂಬ ಹಾಡು. ಅದು ಬರೀ ಬೇಸ್‌ನಿಂದ ಶುರುವಾಗುತ್ತಿತ್ತು. ಮೆಲ್ಲಗೆ ಕೆಳಗಿಳಿದು, ಒಂದು ಕಡೆ ಎಡವಿದಂತೆ ನಿಂತು, ಮತ್ತೆ ಇಳಿಯುವ ನಾಲ್ಕು ಸಾಲು. ಆ ಎಡವು ಅಂಜನ್‌ದು. ಹಾಸ್ಟೆಲ್ಲಿನ ನೀರಿನ ಟ್ಯಾಂಕಿನ ಮೇಲೆ ಕೂತು ಹುಡುಕಿದ್ದು.

ಅದಾದ ಎಷ್ಟೋ ವರ್ಷದ ಮೇಲೆ ಆ ನಾಲ್ಕು ಸಾಲನ್ನು ಯಾರೋ ಕತ್ತರಿಸಿ, ತಮಟೆ ಸೇರಿಸಿ, ಗಣೇಶನ ಮೆರವಣಿಗೆಯ ಡಿಜೆಗೆ ಹಾಕಿದರು. ರಾಂಪುರದಿಂದ ಚಳ್ಳಕೆರೆಯವರೆಗೆ ಟ್ರ್ಯಾಕ್ಟರುಗಳ ಮೇಲೆ ಅದೇ ಗುದ್ದಿತು. ಯಾರದ್ದು ಇದು ಎಂದು ಕೇಳಿದವರಿಗೆ ಮೊಳಕಾಲ್ಮೂರಿನ ರಾಕ್ ಸ್ವಾಮಿದು ಎಂದು ಉತ್ತರ ಸಿಕ್ಕಿತು. ಯೂಟ್ಯೂಬ್ ಚಾನಲ್ಲೊಂದು ಅವನ ಮನೆಗೆ ಹೋಯಿತು. ಆ ವಿಡಿಯೋದಲ್ಲಿ ಸ್ವಾಮಿ ಅಂಜನ್‌ನ ಬೇಸನ್ನೇ ತೊಡೆಯ ಮೇಲಿಟ್ಟುಕೊಂಡು, ಎಡವಬೇಕಾದಲ್ಲಿ ಎಡವದೆ, ಆ ನಾಲ್ಕು ಸಾಲು ನುಡಿಸಿ ನಕ್ಕಿದ್ದ.

ಗಿಟಾರು ಅವನ ಕೈಗೆ ಹೋದದ್ದೂ ಅಂಜನ್‌ನಿಂದಲೇ. ಕೆಲಸ ಖಾಯಂ ಆದ ಹೊಸದರಲ್ಲಿ, ಇನ್ನು ಇದೆಲ್ಲ ಯಾಕೆ ಎನ್ನಿಸಿ, ‘ಇಟ್ಕೊಂಡಿರು’ ಎಂದಿದ್ದ. ಕೊಟ್ಟದ್ದೋ, ಇಡಲು ಕೊಟ್ಟದ್ದೋ ಇಬ್ಬರೂ ಬಿಡಿಸಿ ಮಾತಾಡಿರಲಿಲ್ಲ. ಆ ವಿಡಿಯೋ ನೋಡಿದ ದಿನದಿಂದ ಅಂಜನ್ ಸ್ವಾಮಿಯ ಜೊತೆ ಮಾತು ಬಿಟ್ಟ. ತನ್ನದನ್ನು ತನ್ನದೆಂದು ಯಾರ ಮುಂದೆಯೂ ಹೇಳಲಿಲ್ಲ. ಹೇಳದೆ ಇರುವುದರಲ್ಲಿ ಒಂದು ದೊಡ್ಡತನ ಇದೆ ಎಂದುಕೊಂಡ, ದಿನಾ ರಾತ್ರಿ ಫೋನ್ ಹಿಡಿದು ಪರದೇಶದ ಸತ್ತವರ ಪರವಾಗಿ ಜಗಳಕ್ಕೆ ಕೂತ.

ಮೊಳಕಾಲ್ಮೂರಿನ ಆ ಕೇರಿಯಲ್ಲಿ ಮಗ್ಗಗಳ ಸದ್ದು ನಿಂತಿರಲಿಲ್ಲ. ಸಾವಿನ ಮನೆಯ ಅಕ್ಕಪಕ್ಕದವರು ಮಾತ್ರ ನಿಲ್ಲಿಸಿದ್ದರು. ಮೂಲೆಯ ಕಂಬಕ್ಕೆ ಫ್ಲೆಕ್ಸ್ ಕಟ್ಟಿತ್ತು. ‘ಮತ್ತೆ ಹುಟ್ಟಿ ಬಾ ರಾಕ್ ಸ್ವಾಮಿ.’ ಚಿತ್ರದಲ್ಲಿ ಸ್ವಾಮಿಯ ಕೊರಳಲ್ಲಿ ಅಂಜನ್‌ನ ಬೇಸ್ ಇತ್ತು. ಆ ಮನುಷ್ಯ ಜೀವಮಾನದಲ್ಲಿ ಸರಿಯಾಗಿ ನುಡಿಸದ ವಾದ್ಯ ಅದೊಂದೇ ಎಂದು ಈ ಕೇರಿಯಲ್ಲಿ ತನಗೊಬ್ಬನಿಗೇ ಗೊತ್ತಿರುವುದು ಅಂಜನ್‌ಗೆ ಒಂಥರಾ ಖುಷಿ ಕೊಟ್ಟಿತು. ಖುಷಿಗೆ ನಾಚಿಕೆಯೂ ಆಯಿತು.

“ಬಂದ್ಯೇನಪ್ಪಾ ಅಂಜನ,” ಎಂದಳು ಸ್ವಾಮಿಯ ಅವ್ವ ಕೆಂಚಕ್ಕ. ಗೋಡೆಗೆ ಒರಗಿ ಕೂತಿದ್ದಳು. “ಈಗ್ಲಾದ್ರೂ ಬಂದ್ಯಲ್ಲ.”

“ಹೆಂಗಾಯ್ತಮ್ಮ?”

“ಎದೆ ಹಿಡ್ಕಂಡ. ಆಟೋ ಬರೋದ್ರೊಳಗೆ ಹೋಗ್ಬಿಟ್ಟ.”

ಒಳಗೆ ಫೋಟೋದ ಮುಂದೆ ಗಿಟಾರು ನಿಲ್ಲಿಸಿದ್ದರು. ಮೈಗೆ ಮೂರು ಗೆರೆ ವಿಭೂತಿ, ಮೇಲೆ ಚೆಂಡುಹೂವಿನ ಹಾರ. ತಲೆಯ ಬಿರಟೆಗಳ ಸಂದಿಗೆ ಊದುಬತ್ತಿ ಸಿಕ್ಕಿಸಿದ್ದು, ಬೂದಿ ತಂತಿಗಳ ಮೇಲೆ ಉದುರುತ್ತಿತ್ತು. ಹಾರದ ನೀರಿಗೆ ತಂತಿ ತುಕ್ಕು ಹಿಡಿಯುತ್ತದೆ ಎನ್ನುವುದೇ ಅವನಿಗೆ ಮೊದಲು ಹೊಳೆದದ್ದು. ಫೋಟೋ ಆಮೇಲೆ ಕಂಡಿತು. ಕೈ ಮುಗಿದ.

ಮನೆಯ ಹಿರಿಯ ಕಾಟಪ್ಪ, ಸ್ವಾಮಿಯ ಸೋದರಮಾವ, ಪುಟ್ಟಿಗೆ ಎಡೆಯ ಸಾಮಾನು ತುಂಬುತ್ತಿದ್ದ. ಅನ್ನ, ಕೋಳಿ ಸಾರು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಒಂದು ಕ್ವಾರ್ಟರ್ ಬಾಟಲಿ, ಸಿಗರೇಟು. ಎಲ್ಲ ಮುಗಿದ ಮೇಲೆ ಗಿಟಾರಿನ ಕಡೆ ನೋಡಿ, “ಅದನ್ನ ಯಾರನಾ ಹೆಗಲಿಗ್ ಹಾಕ್ಕಳ್ರಿ,” ಎಂದ.

“ಅದು ಎಲ್ಲಿಗೆ?” ಅಂಜನ್ ಕೇಳಿದ.

“ಗುಂಡಿತಾವ್ಕೆ ಸಾರ್. ಅವನಿಗೆ ಇಷ್ಟ ಇದ್ದಿದ್ದೆಲ್ಲ ಇಡ್ಬೇಕಲ್ಲ.”

“ಆಮೇಲೆ?”

“ಆಮೇಲೇನೈತಿ. ಅಲ್ಲಿಟ್ಟಿದ್ದು ಮನೀಗೆ ತರಂಗಿಲ್ಲ. ಅಲ್ಲೇ ಬಿಡೋದು.”

ಅಂಜನ್ ಬಾಯಿ ತೆರೆದ. ಅಷ್ಟರಲ್ಲಿ ಕೆಂಚಕ್ಕ ಅವನ ಕಂಕುಳಲ್ಲಿದ್ದ ಚೀಲವನ್ನು ಕಂಡಳು. ಎದ್ದು ಬಂದು ಅದನ್ನು ತೆಗೆದುಕೊಂಡು, ಬಿಡಿಸಿ, ಉದ್ದಕ್ಕೆ ಸವರಿದಳು.

“ಅದ್ರ ಚೀಲನೂ ತಂದೀಯಾ. ಸ್ನೇಹಿತನ ಸಾಮಾನು ಅಂತ ಇಷ್ಟು ವರ್ಷ ಜ್ವಾಪಾನ ಮಾಡಿದ್ಯಾ.”

“ಅಮ್ಮಾ, ಅದು…”

“ಏನಪ್ಪಾ?”

“ಏನಿಲ್ಲ.”

ಚೀಲ ಪುಟ್ಟಿಯ ಮೇಲೆ ಹೋಗಿ ಕೂತಿತು. ಊರಿನ ಆರ್ಕೆಸ್ಟ್ರಾದ ರಾಜಣ್ಣ ಗಿಟಾರನ್ನು ಹೆಗಲಿಗೆ ಹಾಕಿಕೊಂಡ. ಅಂಜನ್ ಎರಡೂ ಕೈ ಖಾಲಿ ಮಾಡಿಕೊಂಡು ಅವರ ಹಿಂದೆ ಹೊರಟ.

ಗುಡ್ಡದ ಬುಡಕ್ಕೆ ಹೋಗುವ ದಾರಿಯಲ್ಲಿ ಕಲ್ಲು ಬಹಳ. ಹೆಂಗಸರು ಹಿಂದೆ ಬಿದ್ದರು. ಸ್ವಾಮಿಯ ಹೆಂಡತಿ ದಿವ್ಯಾ ಹಾಲಿನ ಚೊಂಬು ಹಿಡಿದು ನಡೆಯುತ್ತಿದ್ದಳು. ಅಂಜನ್ ಹೆಜ್ಜೆ ನಿಧಾನ ಮಾಡಿದ. ಈಗ ಕೇಳಬೇಕು, ಗುಂಡಿ ಬಂದರೆ ಮುಗಿಯಿತು.

“ದಿವ್ಯಾ, ಆ ಗಿಟಾರು…”

“ನಿಮ್ದು. ಗೊತ್ತು.”

ಅವನು ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಕೆಲಸಕ್ಕೆ ಬಾರದೆ ಹೋದವು.

“ಬೇಲಿ ಹಾಡಿಗೆ ಬೇಸು ನುಡ್ಸಿದ್ದೂ ನೀವೇ,” ಎಂದಳು ದಿವ್ಯಾ, ಚೊಂಬಿನಿಂದ ಕಣ್ಣೆತ್ತದೆ. “ಅವ್ರು ಎಲ್ರಿಗೂ ಹೇಳ್ತಿದ್ರು.”

“ನಾನಂತೂ ಕೇಳಿಲ್ಲ.”

“ಚಾನಲ್ನೋರಿಗೂ ಹೇಳಿದ್ರು. ನಾನು ಚಾ ಹಿಡ್ಕಂಡು ಅಲ್ಲೇ ನಿಂತಿದ್ದೆ. ಇದು ನನ್ ದೋಸ್ತ್ ಮಾಡಿದ್ದು, ಚಳ್ಳಕೆರೆನಾಗೆ ಮೇಷ್ಟ್ರು, ನಂಗೆ ಅವನಂಗೆ ಬರಾಕಿಲ್ಲ ಅಂದ್ರು. ಚಾನಲ್ನೋರು ಅದನ್ನ ತೆಗ್ದುಹಾಕಿದ್ರು. ವಿಡಿಯೋ ಬಂದ್ ದಿನ ಇವ್ರು ನಿಮಗೆ ಫೋನ್ ಮಾಡಿದ್ರು.”

“ಕ್ಲಾಸಲ್ಲಿದ್ದೆ.”

“ಆಮೇಲೂ ಮಾಡಿದ್ರು. ಬಾಳ ಸಲ.”

“ಹೂಂ.”

“ನೀವು ಎತ್ತಲಿಲ್ಲ.”

ಕಾಲಡಿಯಲ್ಲಿ ಕಲ್ಲು ಜಾರಿತು. ಅವಳು ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡು ಸಾವರಿಸಿಕೊಂಡಳು.

“ಈಗ ನಮ್ಮತ್ತೆಗೆ ಹೇಳ್ಳಾ, ಗಿಟಾರ್ ಇಡೋದ್ ಬ್ಯಾಡ ಅಂತ?”

ಹೇಳು ಎಂದರೆ ಸಾಕಿತ್ತು. ಅದನ್ನು ಹೇಳುವುದಕ್ಕೇ ಅವನು ಬಸ್ ಹತ್ತಿದ್ದ. ಆದರೆ ಅವನೊಳಗೆ ಎದ್ದದ್ದು ಸಿಟ್ಟು. ಇಷ್ಟು ವರ್ಷ ಒಪ್ಪವಾಗಿ ಒರೆಸಿ ಇಟ್ಟುಕೊಂಡಿದ್ದ ದ್ವೇಷವನ್ನು ಈ ಹೆಂಗಸು ಹಾಲು ಚೆಲ್ಲದಂತೆ ನಡೆಯುತ್ತಲೇ ಕಿತ್ತುಕೊಂಡಿದ್ದಳು. ಸ್ವಾಮಿ ಕದ್ದಿರಲಿಲ್ಲ. ಕದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಅನ್ಯಾಯ ಆದವನು ಎಂಬ ಒಂದು ಸ್ಥಾನವಾದರೂ ಅಂಜನ್‌ಗೆ ಇತ್ತು, ಪೋರ್ಚುಗಲ್ಲಿನವನ ಮುಂದೆಯೂ ಅದರ ಬಲದ ಮೇಲೇ ಅವನು ದನಿ ಎತ್ತುತ್ತಿದ್ದ. ಈಗ ಸ್ವಾಮಿ ಊರಿಗೆಲ್ಲ ಹೇಳಿದ್ದಾನೆ ಎನ್ನುತ್ತಾಳೆ. ಹೇಳಿದ್ದನ್ನು ಕೇಳಿಸಿಕೊಂಡೂ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅದಕ್ಕೆ ಯಾರ ಮೇಲೆ ಸಿಟ್ಟಾಗಬೇಕೋ ಅವನಿಗೆ ತಿಳಿಯಲಿಲ್ಲ.

“ಬ್ಯಾಡ,” ಎಂದ.

“ನೋಡ್ರಿ ಮತ್ತೆ. ಆಮೇಲೆ ತರಾಕಾಗಲ್ಲ.”

“ಇರ್ಲಿ ಬಿಡು.”

ಅದು ಔದಾರ್ಯದಂತೆ ಕೇಳಿಸಿತು. ದಿವ್ಯಾ ಮೊದಲ ಸಲ ಅವನ ಮುಖ ನೋಡಿದಳು. ಅವಳು ಮೋಸಹೋಗಲಿಲ್ಲ ಎಂದು ಅವನಿಗೆ ಅನ್ನಿಸಿತು.

ಗುಂಡಿಯ ಮಣ್ಣು ಇನ್ನೂ ಹಸಿಯಾಗಿತ್ತು, ಅಂಚಿಗೆ ಕಲ್ಲು ಜೋಡಿಸಿದ್ದರು. ಕಾಟಪ್ಪ ನೀರು ಚಿಮುಕಿಸಿ, ಕಾಯಿ ಒಡೆದು, ಊದುಬತ್ತಿ ಹಚ್ಚಿದ. ಒಬ್ಬೊಬ್ಬರೇ ಗರಿಕೆಯಲ್ಲಿ ಹಾಲು ತುಪ್ಪ ಬಿಟ್ಟರು. ಅಂಜನ್‌ನ ಸರದಿ ಬಂದಾಗ ಹಾಲು ಸುರಿದದ್ದು ಹೆಚ್ಚಾಗಿ ಅವನ ಪ್ಯಾಂಟಿಗೆ ಸಿಡಿಯಿತು. ಎಲೆ ಹಾಸಿ ಎಡೆ ಬಡಿಸಿದರು. ಅದರ ಪಕ್ಕಕ್ಕೆ ಚೀಲ ಹಾಸಿ, ಚೀಲದ ಮೇಲೆ ಗಿಟಾರನ್ನು ಸತ್ತವನ ತಲೆಯ ದಿಕ್ಕಿಗೆ ತಲೆ ಮಾಡಿ ಮಲಗಿಸಿದರು. ಮಲಗಿಸುವಾಗ ರಾಜಣ್ಣನ ಬೆರಳು ತಾಗಿ ದಪ್ಪ ತಂತಿ ಒಂದು ಸಲ ನಡುಗಿತು. ಕರೆಂಟಿಲ್ಲದ ಬೇಸ್‌ಗೆ ದನಿಯೇ ಇರುವುದಿಲ್ಲ. ಹತ್ತಿರ ನಿಂತಿದ್ದ ಅಂಜನ್‌ಗೆ ಬಿಟ್ಟು ಅದು ಯಾರಿಗೂ ಕೇಳಿಸಲಿಲ್ಲ.

ಎಲ್ಲರೂ ಹಿಂದೆ ಸರಿದು ಬೇವಿನ ಮರದ ಕೆಳಗೆ ಕೂತರು. ಕರೆಂಟ್ ತಂತಿಯ ಮೇಲೆ ಒಂದು ಕಾಗೆ ಬಂದು ಕೂತಿತ್ತು. ಕೂತೇ ಇತ್ತು.

“ರಾ ನಾಯನಾ, ತಿನು,” ಎಂದಳು ರಾಯದುರ್ಗದಿಂದ ಬಂದಿದ್ದ ಸ್ವಾಮಿಯ ದೊಡ್ಡಮ್ಮ ಕೊಟ್ರಮ್ಮ, ಬಾ ಮಗನೇ ತಿನ್ನು ಎಂದು ತೆಲುಗಿನಲ್ಲಿ.

ಕಾಗೆ ಕೊಕ್ಕನ್ನು ತಂತಿಗೆ ಉಜ್ಜಿಕೊಂಡಿತು.

ಬಿಸಿಲು ಏರಿತು. ಹೀಗಾದಾಗ ಸತ್ತವನ ಮನಸ್ಸಿನಲ್ಲಿ ಏನೋ ಉಳಿದುಬಿಟ್ಟಿದೆ ಎಂದು ಲೆಕ್ಕ. ಏನೆಂದು ಊಹಿಸಿ ಮಾತು ಕೊಡಬೇಕು. ರಾಜಣ್ಣ ಎದ್ದು, “ಸ್ವಾಮಿ, ವರ್ಷಾ ವರ್ಷಾ ನಿನ್ ಹೆಸರ್ನಾಗೆ ಪ್ರೋಗ್ರಾಂ ಮಾಡ್ತೀವಿ, ಬಾರಪ್ಪ,” ಎಂದ. ಕಾಗೆ ಬರಲಿಲ್ಲ. ಕೆಂಚಕ್ಕ ಅವನ ಮಗಳನ್ನು ಓದಿಸುತ್ತೇನೆಂದಳು. ದಿವ್ಯಾ ಎದ್ದು ಬಾಯೊಳಗೇ ಏನೋ ಹೇಳಿ ಬಂದು ಕೂತಳು. ಕಾಗೆ ಕತ್ತು ಕೊಂಕಿಸಿ ನೋಡಿತು, ಅಷ್ಟೇ.

ಕೆಂಚಕ್ಕ ಅಂಜನ್ ಕಡೆ ತಿರುಗಿದಳು.

“ನಿನ್ ಮ್ಯಾಲೆ ಜೀವ ಇಟ್ಕಂಡಿದ್ದ. ನೀನ್ಯಾಕೋ ಬರೋದ್ ಬಿಟ್ಟೆ. ಒಂದ್ ಮಾತು ಹೇಳಪ್ಪ.”

“ನಾನಾ?”

“ನಿನ್ನೇ ಕಾಯ್ತಾ ಅವ್ನೆ ಅನ್ಸುತ್ತೆ.”

ಎಲ್ಲರೂ ಅವನನ್ನು ನೋಡುತ್ತಿದ್ದರು. ಅಂಜನ್ ಎದ್ದು ಗುಂಡಿಯ ಹತ್ತಿರ ಹೋದ. ಹೇಳಬೇಕಾದದ್ದು ಅವನಿಗೆ ಗೊತ್ತಿತ್ತು. ಫೋನ್ ಎತ್ತಬೇಕಿತ್ತು ಕಣೋ ಎಂದರೆ ಮುಗಿಯುತ್ತಿತ್ತು. ಆದರೆ ಅವನ ತಲೆಯಲ್ಲಿ ಅದು ಪ್ಯಾರಾಗಳಾಗಿ ಜೋಡಿಸಿಕೊಳ್ಳತೊಡಗಿತು. ಮೊದಲು ಪೀಠಿಕೆ, ಆಮೇಲೆ ತನ್ನ ಕಡೆಯ ಸಮರ್ಥನೆ, ಕೊನೆಗೆ ಕ್ಷಮೆ. ಎದುರಿಗೆ ಬಜ್ಜಿಯ ಮೇಲೆ ನೊಣ ಮುತ್ತುತ್ತಿತ್ತು. ಗಿಟಾರಿನ ಮೈಮೇಲೆ ಸೂರ್ಯ ಹೊಳೆದು ಕಣ್ಣಿಗೆ ಹೊಡೆಯಿತು.

“ಸ್ವಾಮಿ,” ಎಂದ. ಕ್ಲಾಸಿನ ದನಿ ಬಂತು. “ಆ ಬೇಸು ನಿಂದೇ ಕಣೋ.”

“ನಿಜ ಸಾರ್,” ಎಂದರು ಹಿಂದಿನಿಂದ ಯಾರೋ. “ಅವನಂಗೆ ಬೇಸ್ ನುಡ್ಸೋರು ಈ ಜಿಲ್ಲೇನಾಗೇ ಇಲ್ಲ.”

ತಾನು ಹೇಳಿದ್ದು ಗಿಟಾರಿನ ಮಾತೋ, ಆ ನಾಲ್ಕು ಸಾಲಿನ ಮಾತೋ ಅಂಜನ್‌ಗೇ ಗೊತ್ತಾಗಲಿಲ್ಲ. ತಿದ್ದಬಹುದಿತ್ತು. ತಿರುಗಿ ನೋಡಿದ. ರಾಜಣ್ಣ ಕಣ್ಣೊರೆಸಿಕೊಳ್ಳುತ್ತಿದ್ದ, ಕೆಂಚಕ್ಕನ ಮುಖ ಅರಳಿತ್ತು. ದಿವ್ಯಾ ನೆಲ ನೋಡುತ್ತಿದ್ದಳು.

ಕಾಗೆ ತಂತಿ ಬಿಟ್ಟು ಹಾರಿತು. ಆದರೆ ಈ ಕಡೆಗಲ್ಲ. ಇನ್ನೂ ದೂರದ ಒಂದು ಕಲ್ಲಿನ ಮೇಲೆ ಹೋಗಿ ಕೂತಿತು.

ಕಾಟಪ್ಪ ಕೆಮ್ಮಿದ.

“ಸಾರ್, ನೀವು ಒಂಚೂರು ಹಿಂದಕ್ ಬರ್ರಿ. ಬಿಳೇ ಶರಟಿಗೆ ಬೆದರ್ತೈತೇನೋ.”

ಅಂಜನ್ ಮರದ ಕೆಳಗೆ ಬಂದ. ಅಲ್ಲಿ ಬಿಳಿ ಶರಟಿನವರು ಇನ್ನೂ ಇಬ್ಬರಿದ್ದರು. ಕಾಗೆ ಕಲ್ಲಿನಿಂದಿಳಿದು ಎರಡು ಕುಪ್ಪಳಿಕೆ ಮುಂದೆ ಬಂತು. ಜನ ಉಸಿರು ಹಿಡಿದರು. ನೋಡೋಣವೆಂದು ಅವನು ಕತ್ತು ಚಾಚಿದ. ಕಾಗೆ ನಿಂತಿತು.

“ಇನ್ನೊಂಚೂರು, ಸಾರ್,” ಎಂದ ಕಾಟಪ್ಪ. ದನಿಯಲ್ಲಿ ತುಂಬ ಮರ್ಯಾದೆ ಇತ್ತು.

ಅವನು ಮರದ ಹಿಂದೆ ಹೋದ. ಕಾಗೆ ಮುಂದೆ ಬಂತು. ಇನ್ನೂ ಹಿಂದೆ ಹೋದ, ಜಾಲಿ ಗಿಡಗಳ ಸಾಲಿಗೆ. ಅದು ಇನ್ನಷ್ಟು ಬಂತು. ಕಾಕತಾಳೀಯ ಎಂಬ ಪದ ನೆನಪಾಗಿ ಅವನಿಗೆ ನಗು ಬರುವಂತಾಯಿತು, ಬರಲಿಲ್ಲ. ಜನ ಅವನನ್ನು ನೋಡುವುದನ್ನು ಬಿಟ್ಟಿದ್ದರು. ರಾಜಣ್ಣ ಮಾತ್ರ ಬೆನ್ನು ತಿರುಗಿಸಿಕೊಂಡೇ, ಲಾರಿಗೆ ರಿವರ್ಸ್ ತೋರಿಸುವ ಕ್ಲೀನರಿನಂತೆ, ಬೆನ್ನ ಹಿಂದೆ ಕೈಯಾಡಿಸುತ್ತಿದ್ದ. ಬರ್ಲಿ, ಬರ್ಲಿ, ಇನ್ನೂ.

ಜಾಲಿಯ ಮುಳ್ಳು ತೋಳಿಗೆ ತರಚಿತು. ಹಿಂದೆ ಒಂದು ದೊಡ್ಡ ಬಂಡೆಯಿತ್ತು, ಅದನ್ನು ಸುತ್ತಿ ಆಚೆಗೆ ಹೋಗಿ ನಿಂತ. ಈಗ ಗುಂಡಿ ಕಾಣುತ್ತಿರಲಿಲ್ಲ, ಗಿಟಾರು ಕಾಣುತ್ತಿರಲಿಲ್ಲ, ರಾಜಣ್ಣನ ಕೈಯೂ ಕಾಣುತ್ತಿರಲಿಲ್ಲ. ಜೇಬಿನಲ್ಲಿ ಫೋನ್ ಮಿಡುಕಿತು. ತೆಗೆಯಲಿಲ್ಲ.

“ಮುಟ್ತು,” ಎಂದಿತು ಒಂದು ದನಿ. “ಮುಟ್ತು, ಮುಟ್ತು.”

ಕೆಂಚಕ್ಕನ ಅಳು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಹಿಡಿದಿಟ್ಟ ಮಾತೆಲ್ಲ ಸಡಿಲವಾಗಿ, ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಯಾರೋ ನೀರು ಕೇಳಿದರು, ಯಾರೋ ನಕ್ಕರು. ಕಾಗೆ ಅನ್ನ ಮುಟ್ಟಿತೋ, ಬಜ್ಜಿಯನ್ನೋ, ಗಿಟಾರನ್ನೋ ಎಂದು ಅವನಿಗೆ ತಿಳಿಯಬೇಕಿತ್ತು. ಸಾರ್ ಇನ್ನು ಬರ್ರಿ ಎಂದು ಯಾರಾದರೂ ಕೂಗುತ್ತಾರೆಂದು ಕಾದ. ಬಂಡೆ ಬಿಸಿಲಿಗೆ ಕಾದು ಅಂಗೈ ಸುಡುತ್ತಿತ್ತು.

ಆಚೆ ಮಾತುಗಳು ದೂರವಾಗುತ್ತ ಬಂದವು. ಊರ ಕಡೆ ಹೊರಟರೆಂದು ತೋರಿತು. ಆಗ ಗುಡ್ಡದ ಕಡೆಯಿಂದ ಇನ್ನೊಂದು ಕಾಗೆ ಅವನ ತಲೆಯ ಮೇಲೆ ಹಾದು ಗುಂಡಿಯ ದಿಕ್ಕಿಗೆ ಹಾರಿತು, ಅದರ ಹಿಂದೆ ಮತ್ತೆ ಕೆಲವು. ಅವಕ್ಕೆ ಅಡ್ಡವಾಗದಿರಲೆಂದು ಅವನು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದ.